ಗಾಜಿನ ಕೋಣೆಗೆ ಆಕಾರ ಕೊಟ್ಟದ್ದು ಯಾವುದು?

ಇಂಗ್ಲೆಂಡಿನಲ್ಲಿ ನೆಲೆಸಿರುವ ಬಂಧುಗಳೋ ಸ್ನೇಹಿತರೋ ಕಳುಹಿಸಿದ ಮನೆಯ ಚಿತ್ರಗಳನ್ನು ನೀವು ನೋಡಿರಬಹುದು. ಇಟ್ಟಿಗೆಯ ಮನೆ, ಹಿಂದೆ ಒಂದಿಷ್ಟು ಹುಲ್ಲುಹಾಸು, ಇವೆರಡರ ನಡುವೆ ಗಾಜಿನ ಗೋಡೆ ಮತ್ತು ಗಾಜಿನ ಮಾಡು ಇರುವ ಒಂದು ಕೋಣೆ. ಅದರೊಳಗೆ ಎರಡು ಬೆತ್ತದ ಕುರ್ಚಿ, ನಾಲ್ಕಾರು ಹೂಕುಂಡ. ಈ ಕೋಣೆಯನ್ನು ಅಲ್ಲಿನವರು ಕನ್ಸರ್ವೇಟರಿ ಎನ್ನುತ್ತಾರೆ. ಕಾಪಾಡಿ ಇಡುವ ಜಾಗ ಎಂಬುದು ಆ ಪದದ ಮೂಲಾರ್ಥ. ಚಳಿಗಾಲದಲ್ಲಿ ಗಿಡಗಳನ್ನು ಕಾಪಾಡಲು ಹುಟ್ಟಿಕೊಂಡ ಕಟ್ಟಡ ಇಂದು ಮನೆಯ ಒಂದು ಕೋಣೆಯಾಗಿದೆ.

ಇಂಥ ಕೋಣೆ ಕಟ್ಟಿಸಲು ಹೊರಟವರ ಮುಂದೆ ಮಾರಾಟಗಾರರು ಶೈಲಿಗಳ ಪಟ್ಟಿಯೊಂದನ್ನು ಇಡುತ್ತಾರೆ. ವಿಕ್ಟೋರಿಯನ್, ಎಡ್ವರ್ಡಿಯನ್, ಜಾರ್ಜಿಯನ್, ಒತ್ತುಮಾಡು, ಆರೆಂಜರಿ ಹೀಗೆ. ನಿಮ್ಮ ಮನೆ ಯಾವ ಕಾಲದ್ದೋ ಆ ಕಾಲದ ಶೈಲಿಯನ್ನು ಆರಿಸಿಕೊಳ್ಳಿ ಎಂಬುದು ಸಾಮಾನ್ಯವಾಗಿ ಸಿಗುವ ಸಲಹೆ. ಸಲಹೆ ತಪ್ಪೇನಲ್ಲ. ಆದರೆ ಈ ಆಕಾರಗಳು ಬಂದದ್ದೆಲ್ಲಿಂದ ಎಂದು ಕೇಳಿದರೆ ಉತ್ತರ ರಾಜರಾಣಿಯರ ಹೆಸರುಗಳಲ್ಲಿ ಸಿಗುವುದಿಲ್ಲ. ಸೂರ್ಯ ಆಕಾಶದಲ್ಲಿ ಎಷ್ಟು ಎತ್ತರ ಏರುತ್ತಾನೆ, ಗಾಜಿನ ಹಾಳೆ ಎಷ್ಟು ದೊಡ್ಡದಾಗಿ ಸಿಗುತ್ತದೆ, ಅದರ ಮೇಲೆ ಸರ್ಕಾರದ ತೆರಿಗೆ ಎಷ್ಟು, ಒಳಗಿನ ಬಿಸಿಗಾಳಿ ಎಲ್ಲಿಂದ ಹೊರಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದವರು ಕಂಡುಕೊಂಡ ಉತ್ತರಗಳೇ ಈ ಶೈಲಿಗಳು. ಪ್ರಶ್ನೆಯನ್ನು ಮರೆತು ಉತ್ತರವನ್ನಷ್ಟೇ ನಕಲು ಮಾಡಿದರೆ ಏನಾಗುತ್ತದೆ ಎಂಬುದನ್ನೂ ಈ ಇತಿಹಾಸ ತೋರಿಸುತ್ತದೆ.

ಕಿತ್ತಳೆ ಗಿಡಗಳ ಚಳಿಗಾಲದ ಮನೆ

ಬೆಳಕನ್ನು ಬಿಟ್ಟುಕೊಂಡು ಚಳಿಯನ್ನು ತಡೆಯುವ ಉಪಾಯ ಬಹಳ ಹಳೆಯದು. ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ವರ್ಷವಿಡೀ ಸೌತೆಯ ಜಾತಿಯ ಕಾಯಿ ಬೇಕಾಗಿತ್ತು. ಅವನ ತೋಟಗಾರರು ಗಾಲಿಗಳ ಮೇಲಿದ್ದ ಪಾತಿಗಳನ್ನು ಬಿಸಿಲಿಗೆ ಎಳೆದು, ಚಳಿಯ ದಿನಗಳಲ್ಲಿ ಪಾರದರ್ಶಕ ಕಲ್ಲಿನ ತೆಳು ಹಾಳೆಗಳಿಂದ ಮುಚ್ಚುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ.

ಯುರೋಪಿನ ಶ್ರೀಮಂತರಿಗೆ 17ನೆಯ ಶತಮಾನದಲ್ಲಿ ಕಿತ್ತಳೆಯ ಹುಚ್ಚು ಹಿಡಿಯಿತು. ಬೆಚ್ಚಗಿನ ನಾಡಿನ ಈ ಗಿಡ ಉತ್ತರದ ಹಿಮವನ್ನು ತಾಳದು. ಅದಕ್ಕಾಗಿ ಕಟ್ಟಿದ ಮನೆಯೇ ಆರೆಂಜರಿ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಜೂಲ್ಸ್ ಆರ್ಡುವಾ ಮಾನ್ಸಾರ್ 1684ರಿಂದ 1686ರವರೆಗೆ ಕಟ್ಟಿದ ಆರೆಂಜರಿ ಇವುಗಳಲ್ಲಿ ಪ್ರಸಿದ್ಧ. ಅದರ ನಡುವಣ ಪಡಸಾಲೆಯೊಂದೇ ಸುಮಾರು 150 ಮೀಟರ್ ಉದ್ದವಿದೆ. ದಪ್ಪ ಕಲ್ಲುಗೋಡೆ, ಕಲ್ಲಿನ ಕಮಾನಿನ ಮಾಡು, ದಕ್ಷಿಣದ ಕಡೆಗೆ ಮಾತ್ರ ಎತ್ತರದ ಕಿಟಕಿಗಳ ಸಾಲು. ಇಂದಿಗೂ ತೊಟ್ಟಿಗಳಲ್ಲಿ ಬೆಳೆದ ಸಾವಿರಕ್ಕೂ ಹೆಚ್ಚು ಗಿಡಗಳು ಬೇಸಿಗೆಯಲ್ಲಿ ಹೊರಗಿದ್ದು ಚಳಿಗಾಲಕ್ಕೆ ಒಳಗೆ ಬರುತ್ತವೆ.

ಗಿಡಗಳ ಮನೆಗೆ ಕಲ್ಲಿನ ಮಾಡೇಕೆ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡಿ. ವರ್ಸೇಲ್ಸ್‌ನ ಅಕ್ಷಾಂಶ ಸುಮಾರು 49 ಡಿಗ್ರಿ ಉತ್ತರ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಸಮಭಾಜಕದಿಂದ 23.5 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. 90ರಿಂದ ಇವೆರಡನ್ನೂ ಕಳೆದರೆ ನಡುಹಗಲಿನಲ್ಲಿ ಅವನ ಎತ್ತರ ದಿಗಂತದಿಂದ 18 ಡಿಗ್ರಿ ಮಾತ್ರ. ಹಾಗಾಗಿ ದಕ್ಷಿಣಕ್ಕೆ ನೆಟ್ಟಗೆ ನಿಂತ ಕಿಟಕಿಯ ಮೇಲೆ ಕಿರಣಗಳು ಹೆಚ್ಚುಕಡಿಮೆ ನೇರವಾಗಿ ಬೀಳುತ್ತವೆ. ಚಪ್ಪಟೆಯಾದ ಗಾಜಿನ ಮಾಡಿದ್ದರೆ ಅದರ ಮೇಲೆ ತೀರ ಓರೆಯಾಗಿ ಬೀಳುತ್ತಿದ್ದವು. ಚಳಿಗಾಲದ ನೇರ ಬಿಸಿಲನ್ನು ಹಿಡಿಯಲು, ರಾತ್ರಿಯ ಶಾಖನಷ್ಟವನ್ನು ತಡೆಯಲು ಕಲ್ಲಿನ ಮಾಡು ಮತ್ತು ದಕ್ಷಿಣದ ಕಿಟಕಿ ಒಳ್ಳೆಯ ಉತ್ತರವಾಗಿತ್ತು.

ಆದರೆ ಗಿಡವನ್ನು ಬರೇ ಬದುಕಿಸಿ ಇಡುವುದು ಬೇರೆ, ಒಳಗೇ ಬೆಳೆಸುವುದು ಬೇರೆ. ಮೋಡ ಮುಸುಕಿದ ದಿನಗಳಲ್ಲಿ ಬೆಳಕು ಇಡೀ ಆಕಾಶದಿಂದ ಬರುತ್ತದೆ. ಕಲ್ಲಿನ ಮಾಡು ಅದನ್ನು ತಡೆಯುತ್ತದೆ. ಲಂಡನ್ ಸಮೀಪದ ಕ್ಯೂ ಉದ್ಯಾನದಲ್ಲಿ ವಿಲಿಯಂ ಚೇಂಬರ್ಸ್ 1761ರಲ್ಲಿ ಕಟ್ಟಿದ ಆರೆಂಜರಿ ಸುಂದರವಾಗಿತ್ತು, ಆದರೆ ಗಿಡಗಳಿಗೆ ಸಾಕಷ್ಟು ಬೆಳಕು ಸಿಗಲಿಲ್ಲ. ಮಾಡೂ ಗಾಜಿನದಾಗಬೇಕಿತ್ತು.

ತೂಕದ ಮೇಲೆ ತೆರಿಗೆ

ಅದಕ್ಕೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಗಾಜಿನ ತಯಾರಿಕೆ. ಕೊಳವೆಯ ತುದಿಯಲ್ಲಿ ಊದಿದ ಗಾಜಿನ ಗೋಳವನ್ನು ಬಿಸಿಯಾಗಿರುವಾಗಲೇ ತಿರುಗಿಸಿ ತಟ್ಟೆಯಂತೆ ಹರಡಿಸುವುದು ಅಂದು ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ವಿಧಾನ. ದುಂಡನೆಯ ತಟ್ಟೆಯಿಂದ ಕತ್ತರಿಸಿದ ತುಣುಕುಗಳು ಸಣ್ಣವಾಗಿರುತ್ತಿದ್ದವು. ಎರಡನೆಯದು ತೆರಿಗೆ. ಬ್ರಿಟನ್ ಸರ್ಕಾರ 1745ರಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಹೇರಿತು. ಕಿಟಕಿಗಳ ಮೇಲಿನ ತೆರಿಗೆ 1696ರಿಂದಲೇ ಇತ್ತು. ಸುಂಕ ಉಳಿಸಲು ಗಾಜನ್ನು ತೆಳುವಾಗಿ ಮಾಡಿದರು. ತೆಳು ಗಾಜು ಗಾಳಿಗೆ, ಆಲಿಕಲ್ಲಿಗೆ ನಿಲ್ಲಬೇಕಾದರೆ ತುಣುಕು ಸಣ್ಣದಿರಬೇಕು. ಹಂಚು ಹೊದಿಸಿದಂತೆ ಒಂದರ ಮೇಲೊಂದು ಬರುವಂತೆ ಜೋಡಿಸಿದ ಈ ತುಣುಕುಗಳ ಸಂದುಗಳಲ್ಲಿ ಗಾಳಿ ನುಗ್ಗುತ್ತಿತ್ತು. ತುಣುಕು ಸಣ್ಣದಾದಷ್ಟೂ ಚೌಕಟ್ಟು ಹೆಚ್ಚು. ಚೌಕಟ್ಟು ಹೆಚ್ಚಿದಷ್ಟೂ ನೆರಳು ಹೆಚ್ಚು.

ಸೂರ್ಯನಿಗೆ ಎದುರಾಗುವ ಮಾಡು

ಜಾರ್ಜ್ ಮೆಕೆಂಝಿ ಎಂಬ ಸ್ಕಾಟ್ಲೆಂಡಿನವರು 1815ರಲ್ಲಿ ಲಂಡನ್ನಿನ ತೋಟಗಾರಿಕೆ ಸಂಘದ ಮುಂದೆ ಒಂದು ವಿಚಾರ ಇಟ್ಟರು. ಗಾಜಿನ ಮಾಡು ಗೋಳದ ಭಾಗದಂತೆ ಬಾಗಿದ್ದರೆ, ಸೂರ್ಯ ಎಲ್ಲಿದ್ದರೂ ಮಾಡಿನ ಯಾವುದಾದರೂ ಒಂದು ಭಾಗಕ್ಕೆ ಅವನ ಕಿರಣಗಳು ಲಂಬವಾಗಿ ಬೀಳುತ್ತವೆ ಎಂಬುದು ಅದರ ಸಾರ. ಜಾನ್ ಕ್ಲಾಡಿಯಸ್ ಲೌಡನ್ ಇದಕ್ಕೆ ಬೇಕಾದ ಸಾಧನವನ್ನು 1816ರಲ್ಲಿ ರೂಪಿಸಿದರು: ಬಿಸಿ ಮಾಡಿ ಬಾಗಿಸಬಹುದಾದ ಮೆದುಕಬ್ಬಿಣದ ಸಣ್ಣ ಪಟ್ಟಿ. ಮರದ ಚೌಕಟ್ಟಿಗಿಂತ ಇದು ತೆಳು, ಆದ್ದರಿಂದ ನೆರಳೂ ಕಡಿಮೆ. ಡೆವನ್ ಪ್ರಾಂತದ ಬಿಕ್ಟನ್‌ನಲ್ಲಿ 1820ರ ದಶಕದ ಒಂದು ತಾಳೆಮನೆ ಇಂದಿಗೂ ಉಳಿದಿದೆ. ನೀರಗುಳ್ಳೆಯಂತೆ ಉಬ್ಬಿದ ಅದರ ಮಾಡಿನಲ್ಲಿ ಸುಮಾರು 18,000 ಗಾಜಿನ ತುಣುಕುಗಳಿವೆ. ಪ್ರತಿಯೊಂದು ತುಣುಕೂ ಚಪ್ಪಟೆ. ಸಣ್ಣವಾಗಿರುವುದರಿಂದಲೇ ಒಟ್ಟು ಆಕಾರ ಬಾಗಿದಂತೆ ಕಾಣುತ್ತದೆ.

ಮೆಕೆಂಝಿಯವರ ವಾದದಲ್ಲಿ ಎಷ್ಟು ಹುರುಳಿದೆ? ನಿಮ್ಮ ಪದವಿ ತರಗತಿಯ ಫ್ರೆನೆಲ್ ಸಮೀಕರಣಗಳಿಂದ ಲೆಕ್ಕ ಹಾಕಬಹುದು. ಗಾಜಿನ ವಕ್ರೀಭವನ ಸೂಚ್ಯಂಕ 1.5 ಎಂದುಕೊಳ್ಳಿ. ಬೆಳಕು ಲಂಬವಾಗಿ ಬಿದ್ದರೆ ಗಾಜಿನ ಎರಡು ಮೈಗಳಿಂದ ಸೇರಿ ಸುಮಾರು ಶೇ. 8 ಭಾಗ ಪ್ರತಿಫಲನವಾಗುತ್ತದೆ. ಪತನಕೋನ 60 ಡಿಗ್ರಿಯಾದಾಗಲೂ ನಷ್ಟ ಶೇ. 15 ಮಾತ್ರ. ಆದರೆ 75 ಡಿಗ್ರಿಗೆ ಅದು ಶೇ. 38ಕ್ಕೆ ಜಿಗಿಯುತ್ತದೆ. ಅಂದರೆ ಕಿರಣಗಳು ಕರಾರುವಾಕ್ಕಾಗಿ ಲಂಬವಾಗಿ ಬೀಳಬೇಕಿಲ್ಲ. ತೀರ ಓರೆಯಾಗಿ ಬೀಳದಿದ್ದರೆ ಸಾಕು. ಲಂಡನ್ನಿನಲ್ಲಿ ಚಳಿಗಾಲದ ನಡುಹಗಲಿನ ಸೂರ್ಯ 15 ಡಿಗ್ರಿ ಎತ್ತರದಲ್ಲಿರುವುದರಿಂದ ಚಪ್ಪಟೆ ಮಾಡಿನ ಮೇಲೆ ಪತನಕೋನ 75 ಡಿಗ್ರಿ. ಅಲ್ಲಿಯ ಗಾಜಿನ ಮಾಡುಗಳು ಚಪ್ಪಟೆಯಾಗಿರದೆ ಕಡಿದಾಗಿದ್ದದ್ದಕ್ಕೆ, ಮಳೆ ಮತ್ತು ಹಿಮ ಜಾರಿಹೋಗಬೇಕೆಂಬುದರ ಜೊತೆಗೆ, ಇದೂ ಒಂದು ಸಮರ್ಥನೆ.

ಮಡಿಕೆ ಮಾಡು

ಬಾಗಿದ ಮಾಡನ್ನು ಬಿಟ್ಟು ಮಡಿಕೆ ಮಾಡನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದವರು ಜೋಸೆಫ್ ಪ್ಯಾಕ್ಸ್ಟನ್. ಚಾಟ್ಸ್‌ವರ್ತ್ ಎಂಬ ಜಮೀನುದಾರಿಯ ಬಂಗಲೆಯಲ್ಲಿ ಅವರು ಮುಖ್ಯ ತೋಟಗಾರರು. ಕಾಗದದ ಬೀಸಣಿಗೆಯನ್ನು ನೆನೆಸಿಕೊಳ್ಳಿ: ಏಣು, ತಗ್ಗು, ಮತ್ತೆ ಏಣು. ಲೌಡನ್ ಅದಾಗಲೇ ಸೂಚಿಸಿದ್ದ ಈ ರೂಪದಲ್ಲಿ ಗಾಜಿನ ಇಳಿಜಾರುಗಳು ಪೂರ್ವ ಪಶ್ಚಿಮಗಳಿಗೆ ಮುಖ ಮಾಡಿದ್ದರೆ, ಬೆಳಿಗ್ಗೆ ಮತ್ತು ಸಂಜೆಯ ಎಳೆಬಿಸಿಲು ಗಾಜಿಗೆ ಹೆಚ್ಚು ನೇರವಾಗಿ ಬೀಳುತ್ತದೆ. ನಡುಹಗಲಿನ ಸುಡುಬಿಸಿಲು ಓರೆಯಾಗಿ ಬೀಳುತ್ತದೆ. ಬೆಳಕು ಬೇಕಾದಾಗ ಒಳಗೆ ಬಿಟ್ಟುಕೊಳ್ಳುವ, ಅತಿಯಾದಾಗ ತಡೆಯುವ ಜಾಣತನ ಆಕಾರದಲ್ಲೇ ಇದೆ. ತಗ್ಗುಗಳಲ್ಲಿ ಪ್ಯಾಕ್ಸ್ಟನ್ ಇರಿಸಿದ ಮರದ ದೋಣಿಗಳು ಹೊರಗಿನ ಮಳೆನೀರನ್ನೂ, ಒಳಮೈಯಲ್ಲಿ ಸಾಂದ್ರೀಕರಿಸಿ ಇಳಿಯುವ ಹನಿಗಳನ್ನೂ ಒಟ್ಟಿಗೇ ಸಾಗಿಸುತ್ತಿದ್ದವು.

ಇದೇ ಹೊತ್ತಿಗೆ ಗಾಜಿನ ತಯಾರಿಕೆಯೂ ಬದಲಾಯಿತು. ಬರ್ಮಿಂಗ್‌ಹ್ಯಾಮ್ ಬಳಿಯ ಚಾನ್ಸ್ ಸಹೋದರರು 1832ರಲ್ಲಿ ಉದ್ದನೆಯ ಉರುಳೆಯಾಗಿ ಗಾಜನ್ನು ಊದಿ, ಸೀಳಿ, ಕಾಯಿಸಿ ಹಾಳೆಯಂತೆ ಬಿಡಿಸುವ ಸುಧಾರಿತ ವಿಧಾನ ತಂದರು. ಪ್ಯಾಕ್ಸ್ಟನ್ ಅವರಿಂದ ನಾಲ್ಕು ಅಡಿ ಉದ್ದದ ಹಾಳೆಗಳನ್ನು ಪಡೆದರು. 1836ರಲ್ಲಿ ಆರಂಭವಾದ ಚಾಟ್ಸ್‌ವರ್ತ್‌ನ ಮಹಾ ಗಾಜಿನ ಮನೆ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಾಗಿತ್ತು. ಎಂಟು ಕುಲುಮೆಗಳು ಕಲ್ಲಿದ್ದಲು ಉರಿಸಿ ಬಿಸಿನೀರು ಹರಿಸುತ್ತಿದ್ದವು. ಗಾಜಿನ ಸುಂಕ 1845ರಲ್ಲಿ ರದ್ದಾಯಿತು, ಕಿಟಕಿ ತೆರಿಗೆ 1851ರಲ್ಲಿ. ಅದೇ 1851ರ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಪ್ಯಾಕ್ಸ್ಟನ್‌ರ ಸ್ಫಟಿಕ ಅರಮನೆ, ಅಂದರೆ ಕ್ರಿಸ್ಟಲ್ ಪ್ಯಾಲೇಸ್, ತೆರೆಯಿತು. ಉದ್ದ 1,848 ಅಡಿ. ಸುಮಾರು 3 ಲಕ್ಷ ಗಾಜಿನ ಹಾಳೆಗಳು, ಪ್ರತಿಯೊಂದೂ 49 ಅಂಗುಲ ಉದ್ದ, 10 ಅಂಗುಲ ಅಗಲ. ಒಂದೇ ಅಳತೆಯ ಭಾಗಗಳನ್ನು ಕಾರ್ಖಾನೆಯಲ್ಲಿ ಮಾಡಿ ಸ್ಥಳದಲ್ಲಿ ಜೋಡಿಸಿದ್ದರಿಂದ ಕೆಲಸ ತಿಂಗಳುಗಳಲ್ಲಿ ಮುಗಿಯಿತು.

ಒಂದು ವಿಷಯವನ್ನು ಇಲ್ಲಿ ವಿಶೇಷವಾಗಿ ಗಮನಿಸಿ. ಸ್ಫಟಿಕ ಅರಮನೆಯೊಳಗೆ ಇರಬೇಕಾದವರು ಜನ. ಅದೂ ಬೇಸಿಗೆಯಲ್ಲಿ, ಸಾವಿರಾರು ಸಂಖ್ಯೆಯಲ್ಲಿ. ಗಿಡಗಳಿಗೆ ಹಿತವಾದ ಬಿಸಿ ಜನರಿಗೆ ಹಿತವಲ್ಲವೆಂದು ಪ್ಯಾಕ್ಸ್ಟನ್‌ಗೆ ಗೊತ್ತಿತ್ತು. ಅವರು ಗೋಡೆಗಳಲ್ಲಿ ತೆರೆದು ಮುಚ್ಚಬಹುದಾದ ಗಾಳಿಪಟ್ಟಿಗಳನ್ನು ಇರಿಸಿದರು, ಮಾಡಿನ ಗಾಜಿನ ಮೇಲೆ ಬಟ್ಟೆ ಹೊದಿಸಿದರು. ಪ್ರಪಂಚದ ಅತಿ ದೊಡ್ಡ ಗಾಜಿನ ಮಾಡು ಕಟ್ಟಿದವರೇ ಅದಕ್ಕೆ ನೆರಳನ್ನೂ ಮಾಡಿದ್ದರು!

ಹಸಿರು ಗಾಜಿನ ಕಥೆ

ಕ್ಯೂ ಉದ್ಯಾನದ ತಾಳೆಮನೆ 1844ರಿಂದ 1848ರ ನಡುವೆ ಕಟ್ಟಿದ್ದು. ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್, ಕಬ್ಬಿಣದ ಕೆಲಸ ರಿಚರ್ಡ್ ಟರ್ನರ್ ಅವರದು. ಹಡಗಿನ ಅಟ್ಟಕ್ಕೆ ಬಳಸುತ್ತಿದ್ದ ಮಾದರಿಯ ಮೆದುಕಬ್ಬಿಣದ ತೊಲೆಗಳನ್ನು ಬಾಗಿಸಿ, 363 ಅಡಿ ಉದ್ದದ ಈ ಮನೆಯನ್ನು ನಿಲ್ಲಿಸಿದರು. ಅದರ ಗಾಜು ಬಣ್ಣವಿಲ್ಲದ್ದಾಗಿರಲಿಲ್ಲ. ಬಿಸಿಲಿನ ಸುಡುವ ಕಿರಣಗಳನ್ನು ಕಡಿಮೆ ಮಾಡಿ ಬೆಳಕನ್ನು ಬಿಡುವ ಗಾಜು ಬೇಕೆಂದು ರಾಬರ್ಟ್ ಹಂಟ್ ಎಂಬ ವಿಜ್ಞಾನಿಯ ಸಲಹೆ ಕೇಳಲಾಗಿತ್ತು. ಅವರು ಪ್ರಯೋಗ ಮಾಡಿ, ತಾಮ್ರದ ಆಕ್ಸೈಡ್‌ನಿಂದ ತಿಳಿಹಸಿರಾದ ಗಾಜನ್ನು ಸೂಚಿಸಿದರು. ಅವಕೆಂಪು ಕಿರಣಗಳನ್ನು ಹರ್ಷೆಲ್ ಕಂಡುಹಿಡಿದು ಆಗಿನ್ನೂ ಅರ್ಧ ಶತಮಾನ ತುಂಬಿರಲಿಲ್ಲ. ರೋಹಿತವನ್ನು ಆರಿಸಿ ಒಳಗೆ ಬಿಡುವ ಗಾಜಿನ ಯೋಚನೆ ಅಷ್ಟು ಹಳೆಯದು. ಆದರೆ ಲಂಡನ್ನಿನ ಕಲ್ಲಿದ್ದಲ ಹೊಗೆ ದಟ್ಟವಾಗುತ್ತಾ ಬಂದು ಬೆಳಕೇ ಸಾಲದಾಯಿತು. ಶತಮಾನದ ಕೊನೆಗೆ ಹಸಿರು ಗಾಜನ್ನು ಕೈಬಿಟ್ಟರು. ಗಾಜು ಅದೇ, ಮೇಲಿನ ಆಕಾಶ ಬದಲಾಗಿತ್ತು.

ಗಿಡಗಳ ಜಾಗಕ್ಕೆ ಮನುಷ್ಯರು

ಲಂಡನ್ನಿನ ವೈದ್ಯ ನೆಥಾನಿಯಲ್ ವಾರ್ಡ್ 1829ರಲ್ಲಿ, ಮುಚ್ಚಿದ ಗಾಜಿನ ಸೀಸೆಯ ತೇವದ ಮಣ್ಣಿನಲ್ಲಿ ಜರೀಗಿಡ ತಾನಾಗಿಯೇ ಮೊಳೆತು ಬೆಳೆದದ್ದನ್ನು ಕಂಡರು. ಅವರ ಹೆಸರಿನ ಗಾಜಿನ ಪೆಟ್ಟಿಗೆಗಳು ಹಡಗುಗಳಲ್ಲಿ ಸಸಿಗಳನ್ನು ಸಾಗಿಸಲು ಬಳಕೆಗೆ ಬಂದವು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ, ಸಿಂಕೋನ ಸಸಿಗಳು ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಇಂಗ್ಲೆಂಡಿನ ಮಧ್ಯಮ ವರ್ಗದ ಪಡಸಾಲೆಗಳಿಗೂ ಈ ಪೆಟ್ಟಿಗೆ ನುಗ್ಗಿತು. ಸುಂಕ ಹೋಗಿ ಗಾಜು ಅಗ್ಗವಾದ ಮೇಲೆ ಪೆಟ್ಟಿಗೆಯ ಜಾಗದಲ್ಲಿ ಕೋಣೆಯೇ ಬಂತು.

ಮೊದಲನೆಯ ಮಹಾಯುದ್ಧ ಈ ಸಂಭ್ರಮಕ್ಕೆ ತೆರೆ ಎಳೆಯಿತು. ಕಲ್ಲಿದ್ದಲೂ ಇಲ್ಲ, ಆಳುಗಳೂ ಇಲ್ಲ. ಚಾಟ್ಸ್‌ವರ್ತ್‌ನ ಮಹಾ ಗಾಜಿನ ಮನೆಯ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಅದನ್ನು ಉರುಳಿಸಲಾಯಿತು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ದೊಡ್ಡ ಸಮತಟ್ಟು ಹಾಳೆ ಮಾಡುವ ವಿಧಾನವನ್ನು ಪಿಲ್ಕಿಂಗ್‌ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಇದರ ಬೆನ್ನಿಗೆ ಜೋಡಿಗಾಜು, ಪಿವಿಸಿ ಚೌಕಟ್ಟುಗಳು ಬಂದವು. ಶತಮಾನದ ಕೊನೆಯ ದಶಕಗಳಲ್ಲಿ ಗಾಜಿನ ಕೋಣೆ ಮರಳಿ ಬಂತು. ಈ ಸಲ ಒಳಗೆ ಕೂತವರು ಮನುಷ್ಯರು. ವಿಕ್ಟೋರಿಯನ್, ಎಡ್ವರ್ಡಿಯನ್ ಎಂಬ ಹೆಸರುಗಳು ಮಾರಾಟದ ಪಟ್ಟಿಯಲ್ಲಿ ಹರಡಿದ್ದು ಈ ಮರುಹುಟ್ಟಿನಲ್ಲಿ. ಜಾರ್ಜ್ ದೊರೆಗಳ ಕಾಲದ, ಅಂದರೆ 1714ರಿಂದ 1830ರವರೆಗಿನ, ಸಿರಿವಂತರ ಗಿಡಮನೆ ಹೆಚ್ಚಾಗಿ ಕಲ್ಲಿನ ಆರೆಂಜರಿಯೇ ಆಗಿತ್ತು ಎಂಬುದನ್ನು ನೆನೆದರೆ, ಇಂದಿನ ಪಟ್ಟಿಯ ಸಂಪೂರ್ಣ ಗಾಜಿನ ‘ಜಾರ್ಜಿಯನ್’ ಕೋಣೆ ಎಷ್ಟು ಹೊಸದು ಎಂಬುದು ತಿಳಿಯುತ್ತದೆ.

ಬಿಸಿ ಉಳಿಯುವುದು ಹೇಗೆ?

ಅಧ್ಯಾಪಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾಜಿನ ಮನೆ ಬಿಸಿಯಾಗುವುದು ಹೇಗೆ ಎಂದರೆ ನಾವು ಸಾಮಾನ್ಯವಾಗಿ ಹೇಳುವ ಉತ್ತರ ಇದು: ಬೆಳಕು ಒಳಗೆ ಬರುತ್ತದೆ, ಒಳಗಿನ ವಸ್ತುಗಳು ಹೊರಸೂಸುವ ಸುಮಾರು 10 ಮೈಕ್ರೋಮೀಟರ್ ತರಂಗದೂರದ ಅವಕೆಂಪು ವಿಕಿರಣವನ್ನು ಗಾಜು ತಡೆಯುತ್ತದೆ, ಆದ್ದರಿಂದ ಬಿಸಿ ಸೆರೆಯಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ 1909ರಲ್ಲಿ ಇದನ್ನು ಪರೀಕ್ಷಿಸಿದರು. ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪು ವಿಕಿರಣವನ್ನು ಸರಾಗವಾಗಿ ಬಿಡುವ ಕಲ್ಲುಪ್ಪಿನ ಹಲಗೆ. ಬಿಸಿಲನ್ನು ಮೊದಲೇ ಒಂದು ಗಾಜಿನ ಮೂಲಕ ಹಾಯಿಸಿ ಎರಡಕ್ಕೂ ಒಂದೇ ಬಗೆಯ ಬೆಳಕು ಬೀಳುವಂತೆ ಮಾಡಿದಾಗ ಎರಡರ ಉಷ್ಣತೆಯೂ ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ವ್ಯತ್ಯಾಸ ಒಂದು ಡಿಗ್ರಿಯೂ ಇರಲಿಲ್ಲವೆನ್ನಬಹುದು.

ಅಂದರೆ ಇಂಥ ಮುಚ್ಚಿದ ಜಾಗದಲ್ಲಿ ಮುಚ್ಚಳದ ಮುಖ್ಯ ಕೆಲಸ ಸಂವಹನವನ್ನು ತಡೆಯುವುದು. ಬಯಲಿನಲ್ಲಿ ಬಿಸಿಯಾದ ಗಾಳಿ ಮೇಲೇರಿ ತಂಪು ಗಾಳಿಗೆ ಜಾಗ ಕೊಡುತ್ತದೆ. ಗಾಜಿನ ಮನೆಯಲ್ಲಿ ಅದು ಹೋಗಲಾರದು. ತೋಟಗಾರರು ಇದನ್ನು ಸಮೀಕರಣವಿಲ್ಲದೆ ಬಲ್ಲವರು: ಮನೆ ಬಿಸಿಯಾದರೆ ಅವರು ಮಾಡಿನ ಏಣಿನ ಬಳಿ ಕಿಂಡಿ ತೆರೆಯುತ್ತಾರೆ. ಭೂಮಿಯ ವಾತಾವರಣದ ‘ಹಸಿರುಮನೆ ಪರಿಣಾಮ’ ನಿಜವಾಗಿಯೂ ಅವಕೆಂಪು ವಿಕಿರಣದ ಹೀರಿಕೆಯಿಂದ ಆಗುವಂಥದು. ವುಡ್‌ರ ಪ್ರಯೋಗ ಅದನ್ನು ಅಲ್ಲಗಳೆಯುವುದಿಲ್ಲ. ಹೆಸರು ಒಂದಾದರೂ ಎರಡರ ಕಾರ್ಯವಿಧಾನ ಬೇರೆ ಎಂದಷ್ಟೇ ವಿದ್ಯಾರ್ಥಿಗಳಿಗೆ ತಿಳಿಸಬೇಕು.

ವಿಕಿರಣಕ್ಕೆ ಗಾಜಿನ ಕೋಣೆಯಲ್ಲಿ ಪಾತ್ರವೇ ಇಲ್ಲವೆಂದೂ ಅಲ್ಲ. ಜೋಡಿಗಾಜಿನ ನಡುವಿನ ಕಿರಿದಾದ ತೆರಪಿನಲ್ಲಿ ಗಾಳಿ ಹೆಚ್ಚು ಚಲಿಸಲಾರದು. ಅಲ್ಲಿ ಶಾಖ ದಾಟುವ ಮುಖ್ಯ ದಾರಿ ವಿಕಿರಣವೇ. ಅದಕ್ಕಾಗಿ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಹಚ್ಚುತ್ತಾರೆ. ಲೆಕ್ಕ ನೋಡಿ. 30 ಚದರ ಮೀಟರ್ ಗಾಜು, ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ. ಒಂಟಿ ಗಾಜಾದರೆ ಸುಮಾರು 2,500 ವ್ಯಾಟ್ ಶಾಖ ಸೋರುತ್ತದೆ, ಸಾದಾ ಜೋಡಿಗಾಜಾದರೆ 1,250 ವ್ಯಾಟ್, ಲೇಪವಿರುವ ಒಳ್ಳೆಯ ಜೋಡಿಗಾಜಾದರೆ 550 ವ್ಯಾಟ್. ಅದೇ ವಿಸ್ತೀರ್ಣದ ಶಾಖರೋಧಕ ತುಂಬಿದ ಗೋಡೆಯಾದರೆ 150 ವ್ಯಾಟ್‌ಗಿಂತ ಕಡಿಮೆ. ಗಾಜು ಎಷ್ಟೇ ಸುಧಾರಿಸಿದರೂ ಗೋಡೆಯಾಗದು. ಇಂಗ್ಲೆಂಡಿನಲ್ಲಿ 30 ಚದರ ಮೀಟರ್‌ಗಿಂತ ಚಿಕ್ಕದಾದ ಗಾಜಿನ ಕೋಣೆಗೆ ಸಾಮಾನ್ಯವಾಗಿ ಕಟ್ಟಡ ನಿಯಮಗಳಿಂದ ವಿನಾಯಿತಿ ಇದೆ. ಆದರೆ ಅದರ ಮತ್ತು ಮನೆಯ ನಡುವೆ ಹೊರಬಾಗಿಲಿನ ಗುಣಮಟ್ಟದ ಬಾಗಿಲು ಇರಬೇಕು, ಮನೆಯ ಬಿಸಿನೀರ ಕೊಳವೆಗಳನ್ನು ಅದರೊಳಕ್ಕೆ ಎಳೆಯಬಾರದು ಎಂಬ ಷರತ್ತುಗಳಿವೆ. ಅದು ಮನೆಯ ಭಾಗವಲ್ಲ, ಮನೆಗೂ ಹೊರಗಿಗೂ ನಡುವಣ ಜಾಗ ಎಂಬ ತಿಳಿವಳಿಕೆ ಈ ನಿಯಮದ ಹಿಂದಿದೆ.

ಯಾವ ಮನೆಗೆ ಯಾವ ಕೋಣೆ?

ಈಗ ಪಟ್ಟಿಗೆ ಮರಳೋಣ. ವಿಕ್ಟೋರಿಯನ್ ಕೋಣೆಯ ಮುಂಭಾಗ ಮೂರು ಅಥವಾ ಐದು ಮುಖಗಳಾಗಿ ಚಾಚಿಕೊಂಡಿರುತ್ತದೆ, ಮಾಡು ಕಡಿದು. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವಾಗ ಒಂದಲ್ಲ ಒಂದು ಮುಖ ಅವನಿಗೆ ಎದುರಾಗುತ್ತದೆ. ಲೌಡನ್‌ರ ಬಾಗಿದ ಮಾಡಿನ ತತ್ತ್ವವನ್ನು ಚಪ್ಪಟೆ ಗಾಜಿನಲ್ಲಿ ಇಲ್ಲಿ ಕಾಣಬಹುದು. ಮೂಲೆಗಳಲ್ಲಿ ಪೀಠೋಪಕರಣ ಕೂರದು. ಎಡ್ವರ್ಡಿಯನ್ ಮತ್ತು ಜಾರ್ಜಿಯನ್ ಕೋಣೆಗಳು ಆಯತಾಕಾರ. ಜಾಗ ಪೂರ್ತಿ ಬಳಕೆಗೆ ಬರುತ್ತದೆ. ಒಂದೇ ಇಳಿಜಾರಿನ ಒತ್ತುಮಾಡು ನಮ್ಮ ಹಳ್ಳಿಮನೆಗಳ ಇಳಿಮಾಡಿನಂತೆ, ಸೂರು ತಗ್ಗಿರುವ ಒಂದಂತಸ್ತಿನ ಮನೆಗೆ ಹೊಂದುತ್ತದೆ. ಇಟ್ಟಿಗೆ ಗೋಡೆಗೆ ಒರಗಿರುವುದರಿಂದ ಹಗಲಿನ ಶಾಖವನ್ನು ಗೋಡೆ ಹಿಡಿದಿಟ್ಟು ರಾತ್ರಿ ಮರಳಿಸುತ್ತದೆ. ಇಟ್ಟಿಗೆಯ ಕಂಬಗಳೂ ಅರ್ಧ ಮುಚ್ಚಿದ ಮಾಡೂ ಇರುವ ಆರೆಂಜರಿ ಬೇಸಿಗೆ ಚಳಿಗಾಲಗಳೆರಡರಲ್ಲೂ ಸಮಸ್ಥಿತಿಗೆ ಹತ್ತಿರ. ಹಳೆಯದು ಎನಿಸಿ ಬಿಟ್ಟುಹೋಗಿದ್ದ ಈ ರೂಪಕ್ಕೆ ಮತ್ತೆ ಬೇಡಿಕೆ ಬಂದಿದ್ದರೆ ಆಶ್ಚರ್ಯವಿಲ್ಲ. ಗಿಡಕ್ಕೆ ಕೊರತೆಯಾಗಿದ್ದ ಮಾಡಿನ ನೆರಳು ಮನುಷ್ಯನಿಗೆ ಅನುಕೂಲವೇ.

ಆದ್ದರಿಂದ ಮನೆಯ ಕಾಲವನ್ನು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಕೋಣೆ ಯಾವ ದಿಕ್ಕಿಗೆ ಮುಖ ಮಾಡುತ್ತದೆ? ಒಳಗೆ ಇರುವುದು ಗಿಡವೋ ಜನವೋ? ಯಾವ ತಿಂಗಳುಗಳಲ್ಲಿ? ಬಿಸಿಗಾಳಿಗೆ ಮೇಲೆ ದಾರಿ ಇದೆಯೇ? ದಕ್ಷಿಣಕ್ಕೆ ತೆರೆದ, ಮೇಲ್ಗಿಂಡಿ ಇಲ್ಲದ ಪೂರ್ಣ ಗಾಜಿನ ಕೋಣೆ ಜುಲೈನಲ್ಲಿ ಒಲೆಯಾಗುತ್ತದೆ, ಜನವರಿಯ ಸಂಜೆ ತಂಪುಪೆಟ್ಟಿಗೆಯಾಗುತ್ತದೆ. ಅದರ ಶಿಖರದ ಮೇಲಿನ ಕುಸುರಿ ವಿಕ್ಟೋರಿಯನ್ ಆದರೇನು, ಎಡ್ವರ್ಡಿಯನ್ ಆದರೇನು?

ಲಾಲ್‌ಬಾಗ್‌ಗೆ ಬಂದಾಗ

ಈ ಕಥೆಗೆ ಬೆಂಗಳೂರಿನಲ್ಲೂ ಒಂದು ಅಧ್ಯಾಯವಿದೆ. ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದರು. ಆಗ ಉದ್ಯಾನದ ಮುಖ್ಯಸ್ಥರಾಗಿದ್ದವರು ಜಾನ್ ಕ್ಯಾಮರಾನ್. ಸ್ಫಟಿಕ ಅರಮನೆಯ ಸ್ಫೂರ್ತಿಯಿಂದ ಕಟ್ಟಿದ ಈ ಕಟ್ಟಡವನ್ನು 1935ರಲ್ಲಿ ವಿಸ್ತರಿಸಲಾಯಿತು. ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನಕ್ಕೆ ನೀವು ಅಲ್ಲಿಗೆ ಹೋಗಿರಬಹುದು. ಇನ್ನೊಮ್ಮೆ ಹೋದಾಗ ಹೂಗಳಿಂದ ಕಣ್ಣು ತೆಗೆದು ಗೋಡೆಗಳತ್ತ ನೋಡಿ. ಕೆಳಭಾಗ ಸುತ್ತಲೂ ಗಾಳಿಯಾಡುವಂತೆ ತೆರೆದಿದೆ. ಚಳಿಯಿಂದ ಕಾಪಾಡಲು ಇಲ್ಲಿ ಏನೂ ಇಲ್ಲ; ಬೇಕಿರುವುದು ಮಳೆಯಿಂದ ರಕ್ಷಣೆ ಮತ್ತು ಬೆಳಕು. ಕ್ಯೂನ ತಾಳೆಮನೆ ಸಂವಹನವನ್ನು ತಡೆಯಲು ಹುಟ್ಟಿದರೆ, ಲಾಲ್‌ಬಾಗ್‌ನದು ಸಂವಹನಕ್ಕೆ ದಾರಿ ಬಿಟ್ಟಿತು. ರೂಪವನ್ನು ಎರವಲು ತಂದವರು ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಂಡಿದ್ದರು.

ನಮ್ಮ ನಗರಗಳಲ್ಲಿ ಈಗ ಎದ್ದಿರುವ ಗಾಜಿನ ಗೋಡೆಯ ಕಟ್ಟಡಗಳನ್ನೂ, ಮನೆಗಳ ತಾರಸಿಯ ಮೇಲಿನ ಗಾಜಿನ ಮಾಡುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ. ಶುಭ್ರ ಆಕಾಶದಲ್ಲಿ ಆಗ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬೀಳುತ್ತದೆ. 15 ಚದರ ಮೀಟರಿನ ಸಾದಾ ಗಾಜಿನ ಮಾಡು ಅದರ ಶೇ. 80ರಷ್ಟನ್ನು ಒಳಗೆ ಬಿಟ್ಟರೆ 12,000 ವ್ಯಾಟ್. 2,000 ವ್ಯಾಟ್‌ನ ಆರು ಹೀಟರುಗಳನ್ನು ಒಟ್ಟಿಗೇ ಹಚ್ಚಿಟ್ಟಂತೆ. ಪಶ್ಚಿಮದ ಗಾಜಿನ ಗೋಡೆಗೆ ಸಂಜೆಯ ತಗ್ಗು ಸೂರ್ಯ ನೇರ ಎದುರು. ಬಂದ ಶಾಖವನ್ನು ಹೊರಹಾಕಲು ವಿದ್ಯುತ್ತು ಬೇಕು. ಇಂಗ್ಲೆಂಡಿನ ಮಂದ ಸೂರ್ಯನಿಗೆ ಕೊಟ್ಟ ಉತ್ತರವನ್ನು ನಮ್ಮ ಸೂರ್ಯನ ಕೆಳಗೆ ಹಾಗೆಯೇ ನಿಲ್ಲಿಸಿದರೆ ತೆರಬೇಕಾದ ಬೆಲೆ ಇದು.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆಗಳ ಒಳಮೈಗೆ ಕಪ್ಪು ಕಾಗದ ಅಂಟಿಸಿ. ಪ್ರತಿಯೊಂದರಲ್ಲೂ ನೇರ ಬಿಸಿಲು ತಾಗದಂತೆ ಸಣ್ಣ ಮರೆ ಮಾಡಿ ಉಷ್ಣತಾಮಾಪಕ ಇಡಿ. ಮೊದಲನೆಯದನ್ನು ಗಾಜಿನಿಂದ ಬಿಗಿಯಾಗಿ ಮುಚ್ಚಿ. ಗಾಜಿನ ಅಂಚುಗಳಿಗೆ ಟೇಪು ಸುತ್ತಿರಲಿ. ಎರಡನೆಯದನ್ನು ತೆಳುವಾದ, ಬಣ್ಣವಿಲ್ಲದ ಪಾಲಿಥೀನ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ. ಕೋಣೆಯ ಉಷ್ಣತೆಯ ಅವಕೆಂಪು ವಿಕಿರಣದ ಬಹುಭಾಗವನ್ನು ತೆಳು ಪಾಲಿಥೀನ್ ಹೊರಗೆ ಬಿಡುತ್ತದೆ; ವುಡ್‌ರ ಕಲ್ಲುಪ್ಪಿನ ಕೆಲಸವನ್ನು ಇದು ಮಾಡುತ್ತದೆ. ಮೂರನೆಯದಕ್ಕೂ ಗಾಜನ್ನೇ ಇಡಿ, ಆದರೆ ನಾಲ್ಕು ಮೂಲೆಗಳಲ್ಲಿ ಸಣ್ಣ ಬಿರಡೆ ಕೊಟ್ಟು ಎರಡು ಬೆರಳಷ್ಟು ಮೇಲಕ್ಕೆತ್ತಿ. ಮೂರನ್ನೂ ಬಿಸಿಲಿನಲ್ಲಿ ಅಕ್ಕಪಕ್ಕ ಇಟ್ಟು ಐದೈದು ನಿಮಿಷಕ್ಕೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಯಿರಿ.

ಮೊದಲ ಎರಡು ರೇಖೆಗಳ ನಡುವಿನ ಅಂತರ ಹೆಚ್ಚೋ, ಮೊದಲನೆಯ ಮತ್ತು ಮೂರನೆಯ ರೇಖೆಗಳ ನಡುವಿನದೋ? ಉತ್ತರವನ್ನು ನೀವು ಮೊದಲೇ ಹೇಳಿಬಿಡಬೇಡಿ. ವಿದ್ಯಾರ್ಥಿಗಳು ನಕ್ಷೆ ನೋಡಿ ಹೇಳಲಿ. ಆಮೇಲೆ ಅವರಿಂದಲೇ ಶಾಲೆಯ ಕಿಟಕಿಗಳ ದಿಕ್ಕನ್ನು ಗುರುತು ಮಾಡಿಸಿ, ಯಾವ ಕಿಟಕಿಯ ಮೇಲೆ ಯಾವ ತಿಂಗಳಲ್ಲಿ ಬಿಸಿಲು ಬೀಳುತ್ತದೆಂದು ವರ್ಷವಿಡೀ ಬರೆದಿಡಲು ಹೇಳಿ.